ಸ್ವೀಡನಿನ ಅರಸನಾದ ಗುಸ್ತಾವ್ ಅಡೋಲ್ಫನ ಚರಿತ್ರೆ

ಮೂವತ್ತು ವರುಷಗಳ ಯುದ್ಧದಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳನ್ನು ಕಾಯ್ದವನೆಂದು ಹೆಸರುಗೊಂಡ ಗುಸ್ತಾವ್ ಅಡೋಲ್ಫ್ ಅರಸನ ಚರಿತ್ರೆಯನ್ನು ಈ ಸಲ ನಮ್ಮ ಓದುಗರ ಮುಂದೆ ಇಡುತ್ತೇವೆ. ಆತನ ಶತ್ರುಗಳು ಯಾರೆಂದು ಬಲ್ಲವರು ಬಹು ಮಂದಿ. ಆತನ ದಂಡಿಗೆ ಹಣ ಕೊಟ್ಟ ಮಿತ್ರನು ಯಾರೆಂದು ಬಲ್ಲವರು ಕೆಲವರೇ. ಆ ಮಿತ್ರನು ರೋಮನ್ ಕಥೋಲಿಕ ಸಭೆಯ ಒಬ್ಬ ಕಾರ್ಡಿನಲನು. ಇದು ಹೇಗಾಯಿತೆಂದು ತಿಳಿಯಬೇಕಾದರೆ ಅರಸನ ಮನೆಯ ಸಂಗತಿಯಿಂದಲೇ ಆರಂಭಿಸಬೇಕು.

ಗುಸ್ತಾವನು 1594 ನೇ ಇಸವಿ ದಶಂಬರ ತಿಂಗಳಲ್ಲಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ಹುಟ್ಟಿದನು. ಆಗ ಸ್ವೀಡನಿನ ಅರಸನಾಗಿದ್ದವನು ಆತನ ದೊಡ್ಡಪ್ಪನ ಮಗನಾದ ಸಿಗಿಸ್ಮುಂಡನು. ಇವನು ಕಥೋಲಿಕಳಾದ ತಾಯಿಯ ಮತದಲ್ಲಿ ಬೆಳೆದು ಪೋಲೆಂಡಿಗೂ ಅರಸನಾಗಿದ್ದನು. ಸ್ವೀಡನಿನ ಸಭೆಯಾದರೋ 1593 ರಲ್ಲಿ ಉಪ್ಸಾಲಾ ಪಟ್ಟಣದಲ್ಲಿ ಕೂಡಿ, ಲುಥೆರನ ಉಪದೇಶವನ್ನೇ ಹಿಡಿಯುವದಾಗಿ ನಿಶ್ಚಯಿಸಿತ್ತು. ಗುಸ್ತಾವನ ತಂದೆಯಾದ ಚಾರ್ಲ್ಸನು ಈ ನಿಶ್ಚಯವನ್ನು ಮುಂದಿಟ್ಟುಕೊಂಡು ಅಣ್ಣನ ಮಗನ ಮೇಲೆ ಕತ್ತಿ ಎತ್ತಿದನು. 1599 ರಲ್ಲಿ ಸಿಗಿಸ್ಮುಂಡನು ಪಟ್ಟವನ್ನು ಕಳಕೊಂಡನು; ಬಳಿಕ ಚಾರ್ಲ್ಸನೇ ಅರಸನಾದನು. ಹೀಗೆ ದಾಯಾದಿ ಕಲಹವೂ ಮತಭೇದವೂ ಒಂದೇ ಹಗ್ಗದ ಎರಡು ಎಳೆಗಳಂತೆ ಹೊಸೆದುಕೊಂಡವು.

1611 ರಲ್ಲಿ ತಂದೆ ತೀರಿಹೋದಾಗ ಗುಸ್ತಾವನಿಗೆ ಹದಿನಾರು ವರುಷ. ಡೆನ್ಮಾರ್ಕ್, ರಷ್ಯ, ಪೋಲೆಂಡ್ ಈ ಮೂರು ದೇಶಗಳೊಡನೆ ಯುದ್ಧವಿತ್ತು. ರಾಜ್ಯಸಭೆಯ ಒಪ್ಪಿಗೆಯಿಲ್ಲದೆ ಯುದ್ಧವನ್ನಾಗಲಿ ಮೈತ್ರಿಯನ್ನಾಗಲಿ ಮಾಡೆನೆಂದು ಪ್ರಧಾನರು ಆತನಿಂದ ಬರಸಿಕೊಂಡರು. ಆ ಸಭೆಯಲ್ಲಿ ಪ್ರಧಾನರು, ಬೋಧಕರು, ಪಟ್ಟಣದವರು, ರೈತರು ಎಂಬ ನಾಲ್ಕು ವರ್ಗದವರಿದ್ದರು. ಅರಸನು ಅವರನ್ನು ಮೀರದೆ ಅವರ ಮನಸ್ಸನ್ನು ಒಲಿಸಿಕೊಂಡು ನಡೆದನು. ಆಕ್ಸೆನ್‌ಸ್ಟೀರ್ನ ಎಂಬ ಜಾಣ ಮಂತ್ರಿ ಆತನಿಗೆ ಬಲಗೈಯಾಗಿದ್ದನು.

1629 ರಲ್ಲಿ ಜರ್ಮನ್ ಚಕ್ರವರ್ತಿಯಾದ ಎರಡನೆಯ ಫರ್ಡಿನಂಡನು, 1552 ರಿಂದೀಚೆಗೆ ಪ್ರೊಟೆಸ್ಟಂಟರ ಕೈಸೇರಿದ ಸಭೆಯ ಆಸ್ತಿಗಳನ್ನೆಲ್ಲಾ ಕಥೋಲಿಕರಿಗೆ ಹಿಂದೆ ಕೊಡಬೇಕೆಂದು ಆಜ್ಞಾಪಿಸಿದನು. ಆತನ ದಂಡು ಬಾಲ್ಟಿಕ್ ಸಮುದ್ರತೀರಕ್ಕೆ ಬಂದಿತ್ತು. ಸಿಗಿಸ್ಮುಂಡನಿಗೂ ಸಹಾಯ ಕಳುಹಿಸಿತ್ತು. ಆದಕಾರಣ ಸಹವಿಶ್ವಾಸಿಗಳ ಮೇಲಣ ಕನಿಕರವೂ ಸ್ವಂತ ಪಟ್ಟದ ಭಯವೂ ಕೂಡಿ ಗುಸ್ತಾವನನ್ನು ಹೊರಡಿಸಿದವು. 1630 ರಲ್ಲಿ ಆತನು ಸುಮಾರು 13,000 ಜನರೊಡನೆ ಜರ್ಮನಿಯಲ್ಲಿ ಇಳಿದನು.

ಅಲ್ಲಿಯ ಪ್ರೊಟೆಸ್ಟಂಟ್ ಪ್ರಭುಗಳು ಓಡಿಬಂದು ಕೂಡಿಕೊಂಡರೋ? ಇಲ್ಲ. ಬ್ರಾಂಡೆನ್‌ಬುರ್ಗಿನ ಪ್ರಭುವು ಗುಸ್ತಾವನ ರಾಣಿಯ ಅಣ್ಣನಾಗಿದ್ದರೂ ಚಕ್ರವರ್ತಿಗೆ ಹೆದರಿ ಹಿಂಜರಿದನು. ಸಾಕ್ಸನಿಯ ಪ್ರಭುವೂ ಹಾಗೆಯೇ ಮಾಡಿದನು. ಕೈ ನೀಡಿದವನು ಫ್ರಾನ್ಸ್ ದೇಶದ ಮಂತ್ರಿಯಾದ ಕಾರ್ಡಿನಲ್ ರಿಶಲ್ಯೂ. ಇವನೇ 1628 ರಲ್ಲಿ ಲಾ ರೊಶೆಲ್ ಪಟ್ಟಣದ ಪ್ರೊಟೆಸ್ಟಂಟರನ್ನು ಮುತ್ತಿ ಹಸಿವಿನಿಂದ ಬಗ್ಗಿಸಿದವನು. ಆದರೆ ಚಕ್ರವರ್ತಿಯ ವಂಶದವರೇ ಸ್ಪೇನಿನಲ್ಲಿಯೂ ಆಳುತ್ತಾ ಫ್ರಾನ್ಸನ್ನು ಎರಡು ಕಡೆಯಿಂದ ಒತ್ತುತ್ತಿದ್ದರು. ಸ್ಪೇನಿನೊಡನೆ ಸಮಾಧಾನವಾಗಬೇಕೆಂದು ಕೋರಿದ ಕಥೋಲಿಕ ಭಕ್ತರ ಪಕ್ಷವೊಂದು ರಾಜಮಾತೆಯ ಆಶ್ರಯದಲ್ಲಿತ್ತು. 1630 ರ ನವಂಬರದಲ್ಲಿ ಅವರು ರಿಶಲ್ಯೂವನ್ನು ಇನ್ನೇನು ಕೆಡವಿದೆವೆಂದು ಎಣಿಸಿದರು. ಅರಸನು ಮಂತ್ರಿಯ ಪಕ್ಷವನ್ನೇ ಹಿಡಿದನು. ಮೂರು ತಿಂಗಳೊಳಗೆ, 1631 ರ ಜನವರಿಯಲ್ಲಿ, ಬೇರ್ವಾಲ್ಡ್ ಎಂಬಲ್ಲಿ ಒಡಂಬಡಿಕೆಯಾಯಿತು. ಫ್ರಾನ್ಸ್ ವರುಷಕ್ಕೆ 4,00,000 ಬೆಳ್ಳಿ ನಾಣ್ಯಗಳನ್ನು ಕೊಡತಕ್ಕದ್ದು. ಗುಸ್ತಾವನು 30,000 ಕಾಲಾಳುಗಳನ್ನೂ 6,000 ರಾವುತರನ್ನೂ ಇಡತಕ್ಕದ್ದು. ಹಿಡಿದ ಊರುಗಳಲ್ಲಿ ಕಥೋಲಿಕರ ಆರಾಧನೆಗೆ ಅಡ್ಡಿಮಾಡಕೂಡದು.

ಪ್ರಭುಗಳ ಹಿಂಜರಿಕೆಯ ಫಲವನ್ನು ಮಾಗ್ಡೆಬುರ್ಗ್ ಪಟ್ಟಣವು ಉಂಡಿತು. ಸಹಾಯಕ್ಕೆ ಹೋಗಲು ಗುಸ್ತಾವನಿಗೆ ದಾರಿ ಸಿಕ್ಕಲಿಲ್ಲ. 1631 ರ ಮೇ ತಿಂಗಳಲ್ಲಿ ಚಕ್ರವರ್ತಿಯ ದಂಡು ಅದನ್ನು ಸುಟ್ಟಿತು. ಸುಮಾರು 20,000 ಜನರು ಸತ್ತರು. ತನ್ನ ಸೀಮೆಗೂ ಬೆಂಕಿ ತಗಲಿದಾಗಲೇ ಸಾಕ್ಸನಿಯ ಪ್ರಭುವು ಗುಸ್ತಾವನನ್ನು ಕೂಡಿದನು. ಸಪ್ಟಂಬರದಲ್ಲಿ ಬ್ರೈಟನ್‌ಫೆಲ್ಡಿನಲ್ಲಿ ದೊಡ್ಡ ಜಯವಾಯಿತು. ಮರುವರುಷ ನವಂಬರದಲ್ಲಿ ಲ್ಯೂಟ್ಸನಿನ ರಣರಂಗದಲ್ಲಿ, ಮಂಜು ಕವಿದಿದ್ದಾಗ, ಅರಸನು ಗುಂಡು ತಗಲಿ ಸತ್ತನು. ಆತನಿಗೆ ಮೂವತ್ತೆಂಟು ವರುಷ ತುಂಬಿರಲಿಲ್ಲ.

1635 ರಲ್ಲಿ ಲುಥೆರನ ಮತದ ಸಾಕ್ಸನಿಯು ಚಕ್ರವರ್ತಿಯೊಡನೆ ಒಪ್ಪಂದ ಮಾಡಿಕೊಂಡಿತು. ಅದೇ ವರುಷ ಕಥೋಲಿಕ ಫ್ರಾನ್ಸ್ ಬಹಿರಂಗವಾಗಿ ಯುದ್ಧಕ್ಕಿಳಿದು ಸ್ವೀಡನಿನ ಪಕ್ಕದಲ್ಲಿ ನಿಂತಿತು. 1648 ರಲ್ಲಿ ವೆಸ್ಟ್‌ಫಾಲಿಯದ ಸಮಾಧಾನದಿಂದ ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳಿಗೆ ನೆಲೆ ದೊರಕಿತು. ಗುಸ್ತಾವನ ಮಗಳಾದ ಕ್ರಿಸ್ಟೀನಳು 1654 ರಲ್ಲಿ ಪಟ್ಟವನ್ನು ಬಿಟ್ಟು ತಾನೇ ಕಥೋಲಿಕ ಸಭೆಯನ್ನು ಸೇರಿದಳು.

ಈ ಅರಸನು ಭಕ್ತನೂ ಧೈರ್ಯಶಾಲಿಯೂ ಆಗಿದ್ದನೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಆತನ ಚರಿತ್ರೆಯನ್ನು ಬರೇ ಮತದ ಯುದ್ಧವೆಂದು ಮಕ್ಕಳಿಗೆ ಹೇಳಿದರೆ ಅರ್ಧ ಮಾತನ್ನೇ ಹೇಳಿದಂತಾಗುವದು. ಒಂದೇ ಮತದವರೆಂಬ ಮಾತ್ರಕ್ಕೆ ಪ್ರಭುಗಳು ಕೂಡಲಿಲ್ಲ. ಬೇರೆ ಮತದವರೆಂಬ ಮಾತ್ರಕ್ಕೆ ಅಗಲಲಿಲ್ಲ. ಪ್ರತಿಯೊಬ್ಬನೂ ಮೊದಲು ತನ್ನ ಮನೆಯ ಬಾಗಲನ್ನು ನೋಡಿದನು. ಇದರ ಕ್ರಯವನ್ನು ತೆತ್ತವರು ಹಳ್ಳಿಯವರು. ಸ್ವೀಡನಿನ ಉತ್ತರದಲ್ಲಿರುವ ಬಿಗ್ಡೆಯೋ ಎಂಬ ಒಂದೇ ಸಭೆಯಿಂದ 1621 ರಿಂದ 1639 ರ ವರೆಗೆ 230 ಯೌವನಸ್ಥರು ದಂಡಿಗೆ ಹೋದರು. ಅವರಲ್ಲಿ 215 ಮಂದಿ ಪರದೇಶದಲ್ಲಿಯೇ ಸತ್ತರು. ಐವರು ಅಂಗಹೀನರಾಗಿ ಊರಿಗೆ ಬಂದರು. ಆ ಊರಿನಲ್ಲಿ ಉತ್ತ ಹೆಂಗಸರ ಹೆಸರುಗಳು ಯಾವ ಒಡಂಬಡಿಕೆಯಲ್ಲಿಯೂ ಬರೆದಿಲ್ಲ. ಮತದ ಹೆಸರಿನಲ್ಲಿ ಯುದ್ಧದ ಕರೆಯನ್ನು ಕೇಳುವಾಗ, ಪ್ರಿಯ ಓದುಗರೇ, ಅರಸನ ಸಂಗಡ ಅವರನ್ನೂ ನೆನಸೋಣ.