ಆಫ್ರಿಕದ ಪ್ರೇಷಿತ ಸಂತ ದಾನಿಯೇಲ್ ಕೊಂಬೋನಿ

ಇಟಲಿಯ ಗಾರ್ದಾ ಸರೋವರದ ತೀರದಲ್ಲಿರುವ ಲಿಮೋನೆ ಗ್ರಾಮದಲ್ಲಿ 1831ರ ಮಾರ್ಚ್ 15ರಂದು ಬಡ ತೋಟಗಾರರ ಮನೆಯಲ್ಲಿ ದಾನಿಯೇಲ್ ಕೊಂಬೋನಿಯವರು ಜನಿಸಿದರು. ಎಂಟು ಮಕ್ಕಳಲ್ಲಿ ಬದುಕುಳಿದವರು ಇವರೊಬ್ಬರೇ. ಆದರೂ ತಂದೆತಾಯಿಗಳು ಇವರನ್ನು ದೇವರ ಸೇವೆಗೆ ಒಪ್ಪಿಸಿದರು. ವೆರೋನಾ ನಗರದಲ್ಲಿ ವಂದನೀಯ ನಿಕೋಲಾ ಮಾತ್ಸಾರವರು ಬಡ ಬಾಲಕರಿಗಾಗಿ ನಡೆಸುತ್ತಿದ್ದ ವಿದ್ಯಾಲಯದಲ್ಲಿ ಕಲಿತು 1854ರಲ್ಲಿ ಗುರುದೀಕ್ಷೆ ಪಡೆದರು.

1857ರಲ್ಲಿ ಅವರು ಸಂಗಡಿಗರೊಂದಿಗೆ ಸೂಡಾನಿಗೆ ಹೊರಟರು. ನೈಲ್ ನದಿಯ ದಡದಲ್ಲಿ ಜ್ವರವು ಸಂಗಡಿಗರಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ತಾವೂ ರೋಗಪೀಡಿತರಾಗಿ 1859ರಲ್ಲಿ ಸ್ವದೇಶಕ್ಕೆ ಮರಳಿದರು. ಗುಲಾಮಗಿರಿಯಿಂದ ಬಿಡಿಸಿ ವಿದ್ಯೆಗಾಗಿ ಯೂರೋಪಿಗೆ ಕರೆತಂದ ಆಫ್ರಿಕದ ಮಕ್ಕಳಲ್ಲಿಯೂ ಅನೇಕರು ಅಲ್ಲಿಯ ಹವೆಗೆ ಒಗ್ಗದೆ ಅಸುನೀಗುತ್ತಿದ್ದರು. ಹೀಗೆ ಎರಡು ದಾರಿಗಳೂ ಮುಚ್ಚಿದಂತಾಗಿದ್ದವು.

1864ರ ಸೆಪ್ಟೆಂಬರ್ 15ರಂದು ರೋಮಿನಲ್ಲಿ ಸಂತ ಪೇತ್ರರ ಸಮಾಧಿಯ ಬಳಿ ಪ್ರಾರ್ಥಿಸುತ್ತಿದ್ದಾಗ ಅವರಿಗೆ ಮೂರನೆಯ ದಾರಿ ಹೊಳೆಯಿತು. ಆಫ್ರಿಕದ ಉದ್ಧಾರವು ಆಫ್ರಿಕದ ಮಕ್ಕಳಿಂದಲೇ ಆಗಬೇಕು. ಆಫ್ರಿಕದವರೂ ಯೂರೋಪಿನವರೂ ಆರೋಗ್ಯವಾಗಿ ಬಾಳಬಲ್ಲ ಆ ಖಂಡದ ಅಂಚಿನ ಸ್ಥಳಗಳಲ್ಲಿ ವಿದ್ಯಾಲಯಗಳನ್ನು ತೆರೆಯಬೇಕು. ಅಲ್ಲಿ ಕಲಿತ ಗಂಡುಹೆಣ್ಣು ಮಕ್ಕಳು ಉಪಾಧ್ಯಾಯರಾಗಿ, ಉಪದೇಶಿಗಳಾಗಿ, ಕೃಷಿಕರಾಗಿ, ಕುಶಲಕರ್ಮಿಗಳಾಗಿ, ಯಾಜಕರಾಗಿ ಒಳನಾಡಿಗೆ ತೆರಳಿ ಸ್ವಜನರನ್ನು ಮೇಲೆತ್ತಬೇಕು. ಆಫ್ರಿಕದವರನ್ನು ಕೇವಲ ದಾಸರೆಂದು ಬಗೆದಿದ್ದ ಆ ಕಾಲದಲ್ಲಿ ಇದು ದೊಡ್ಡ ವಿಶ್ವಾಸದ ಮಾತು.

ಈ ಕಾರ್ಯಕ್ಕಾಗಿ ಅವರು 1867ರಲ್ಲಿ ವೆರೋನಾದಲ್ಲಿ ಧರ್ಮಪ್ರಚಾರಕರ ಸಂಸ್ಥೆಯನ್ನೂ, 1872ರಲ್ಲಿ ಧರ್ಮಭಗಿನಿಯರ ಸಂಸ್ಥೆಯನ್ನೂ ಸ್ಥಾಪಿಸಿದರು. ಕೈರೋ ನಗರದಲ್ಲಿ ವಿದ್ಯಾಲಯಗಳನ್ನು ತೆರೆದು, ವಿದ್ಯಾವಂತ ಆಫ್ರಿಕನ್ ತರುಣಿಯರನ್ನೇ ಉಪಾಧ್ಯಾಯಿನಿಯರನ್ನಾಗಿ ನೇಮಿಸಿದರು. 1877ರಲ್ಲಿ ಮಧ್ಯ ಆಫ್ರಿಕದ ಧರ್ಮಾಧ್ಯಕ್ಷರಾಗಿ ಗುಲಾಮರ ವ್ಯಾಪಾರವನ್ನು ದಿಟ್ಟತನದಿಂದ ವಿರೋಧಿಸಿದರು. ಕ್ಷಾಮ, ಜ್ವರ ಮತ್ತು ಸಹೋದ್ಯೋಗಿಗಳ ಸಾವುಗಳಿಂದ ಬಳಲಿ 1881ರ ಅಕ್ಟೋಬರ್ 10ರಂದು ಖಾರ್ಟೂಮಿನಲ್ಲಿ ದೈವಾಧೀನರಾದರು. ಆಗ ಅವರಿಗೆ ಐವತ್ತು ವರ್ಷ.

ಅದೇ ವರ್ಷ ಆರಂಭವಾದ ಮಹದಿಯ ದಂಗೆಯಲ್ಲಿ ಅವರು ಸೂಡಾನಿನಲ್ಲಿ ಕಟ್ಟಿದ್ದ ಕೇಂದ್ರಗಳು ನಾಶವಾದವು. ಎಲ್ಲವೂ ಮುಗಿಯಿತೆಂದು ತೋರಿತು. ಆದರೆ ಗುಲಾಮಗಿರಿಯಿಂದ ಪಾರಾಗಿ ಬಂದು ಕೊಂಬೋನಿಯವರ ಆಶ್ರಯ ಪಡೆದಿದ್ದ ದಿಂಕಾ ಜನಾಂಗದ ಬಾಲಕ ದಾನಿಯೇಲ್ ಸೊರೂರ್ 1887ರಲ್ಲಿ ಕೈರೋದಲ್ಲಿ ಯಾಜಕರಾಗಿ ಅಭಿಷಿಕ್ತರಾದರು. ಗೋಡೆಗಳು ಉರುಳಿದವು, ಕಲಿತ ಮಗು ಉಳಿಯಿತು. 2003ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕೊಂಬೋನಿಯವರನ್ನು ಸಂತರೆಂದು ಘೋಷಿಸಿದರು.

ಪ್ರಿಯ ಭಕ್ತವಿಶ್ವಾಸಿಗಳೇ, ನಮ್ಮ ದೇವಾಲಯದ ನೂರು ವರ್ಷಗಳನ್ನು ಸ್ಮರಿಸುವಾಗ ನಾವು ಗೋಪುರವನ್ನೂ ಗಂಟೆಯನ್ನೂ ಎಣಿಸುತ್ತೇವೆ. ಅವುಗಳ ಜೊತೆಗೆ, ಶುಲ್ಕ ಕಟ್ಟಲಾರದೆ ಶಾಲೆ ಬಿಟ್ಟ ನೆರೆಮನೆಯ ಮಗುವನ್ನೂ ಎಣಿಸೋಣ. ಆ ಮಗುವನ್ನು ಶಾಲೆಗೆ ಮರಳಿ ಕಳುಹಿಸುವುದೇ ಈ ಸಂತರಿಗೆ ನಾವು ಸಲ್ಲಿಸುವ ನಿಜವಾದ ಗೌರವ.