ಇಟ್ಟಿಗೆ ಸುಟ್ಟು ಶಾಲೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್

ಗುಲಾಮಗಿರಿಯಲ್ಲಿ ಜನಿಸಿ, ತಮ್ಮ ಜನಾಂಗಕ್ಕೆ ವಿದ್ಯೆಯ ಬೆಳಕು ತಂದ ಮಹನೀಯರಲ್ಲಿ ಅಮೆರಿಕದ ಬುಕರ್ ಟಿ. ವಾಷಿಂಗ್ಟನ್ ಅಗ್ರಗಣ್ಯರು. 1856ರಲ್ಲಿ ವರ್ಜೀನಿಯಾದಲ್ಲಿ ಗುಲಾಮ ತಾಯಿಯ ಮಗನಾಗಿ ಹುಟ್ಟಿದ ಅವರಿಗೆ 1865ರಲ್ಲಿ ಬಿಡುಗಡೆ ದೊರೆಯಿತು. ಉಪ್ಪು ತಯಾರಿಸುವ ಕುಲುಮೆಯಲ್ಲಿಯೂ ಕಲ್ಲಿದ್ದಲ ಗಣಿಯಲ್ಲಿಯೂ ದುಡಿಯುತ್ತಲೇ ಅಕ್ಷರ ಕಲಿತರು. 1872ರಲ್ಲಿ ಸುಮಾರು 500 ಮೈಲಿ ದೂರ ಪಯಣಿಸಿ ಹ್ಯಾಂಪ್ಟನ್ ವಿದ್ಯಾಸಂಸ್ಥೆಯನ್ನು ತಲುಪಿದರು. ಅಲ್ಲಿ ಅವರ ಪ್ರವೇಶ ಪರೀಕ್ಷೆಯೆಂದರೆ ಕೋಣೆಯೊಂದನ್ನು ಗುಡಿಸುವುದು. ಮೂರು ಬಾರಿ ಗುಡಿಸಿ, ನಾಲ್ಕು ಬಾರಿ ಧೂಳು ಒರೆಸಿ ಅವರು ತೇರ್ಗಡೆಯಾದರು.

1881ರ ಜುಲೈ 4ರಂದು ಅಲಬಾಮಾದ ಟಸ್ಕೀಗಿಯಲ್ಲಿ 30 ವಿದ್ಯಾರ್ಥಿಗಳೊಡನೆ ಅವರ ಶಾಲೆ ಆರಂಭವಾಯಿತು. ಆಗ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಸಾಲ ಮಾಡಿ, ಪಾಳುಬಿದ್ದ 100 ಎಕರೆ ಜಮೀನನ್ನು 500 ಡಾಲರಿಗೆ ಕೊಂಡರು. ಕಟ್ಟಡಗಳನ್ನು ವಿದ್ಯಾರ್ಥಿಗಳೇ ಕಟ್ಟಬೇಕು, ಕಟ್ಟುತ್ತ ಕಲಿಯಬೇಕು ಎಂಬುದು ಅವರ ಸಂಕಲ್ಪ. ಓದಲೆಂದು ಕಳುಹಿಸಿದ ಮಕ್ಕಳಿಗೆ ಮೈಮುರಿಯುವ ಕೆಲಸವೇಕೆಂದು ಪೋಷಕರು ಆಕ್ಷೇಪಿಸಿದರೂ ಅವರು ಕದಲಲಿಲ್ಲ.

ಊರಿನಲ್ಲಿ ಇಟ್ಟಿಗೆ ತಯಾರಿಸುವವರಿರಲಿಲ್ಲ. ಶಾಲೆಯಲ್ಲಿ ಹಣವೂ ಇಲ್ಲ, ಅನುಭವವೂ ಇಲ್ಲ. ಯೋಗ್ಯವಾದ ಜೇಡಿಮಣ್ಣಿಗಾಗಿ ಒಂದೆಡೆಯಲ್ಲ, ಹಲವೆಡೆ ಅಗೆದು ನೋಡಬೇಕಾಯಿತು. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ದುಡಿಯಲಾರದೆ ಕೆಲವರು ಶಾಲೆಯನ್ನೇ ತೊರೆದರು. ಉಳಿದವರು ಸುಮಾರು 25,000 ಇಟ್ಟಿಗೆಗಳನ್ನು ಅಚ್ಚುಹಾಕಿ ಗೂಡಿಗೆ ಬೆಂಕಿಯಿಟ್ಟರು. ಗೂಡಿನ ರಚನೆ ಸರಿಯಿಲ್ಲದೆ ಅವು ಹದವಾಗಿ ಬೇಯಲಿಲ್ಲ. ಎರಡನೆಯ ಗೂಡೂ ಕೈಕೊಟ್ಟಿತು. ಮೂರನೆಯದಕ್ಕೆ ಹ್ಯಾಂಪ್ಟನ್ನಿನಲ್ಲಿ ತರಬೇತಿ ಪಡೆದ ಅಧ್ಯಾಪಕರು ಹೆಗಲುಕೊಟ್ಟರು. ಸುಡುವ ಕಾರ್ಯಕ್ಕೆ ಒಂದು ವಾರ ಹಿಡಿಯುತ್ತಿತ್ತು. ಇನ್ನು ಕೆಲವೇ ಗಂಟೆಗಳಲ್ಲಿ ಇಟ್ಟಿಗೆ ಸಿದ್ಧವಾಗುವುದೆಂಬ ನಡುರಾತ್ರಿಯಲ್ಲಿ ಗೂಡು ಕುಸಿದುಬಿತ್ತು.

ಈ ಪ್ರಯತ್ನವನ್ನು ಕೈಬಿಡುವುದೇ ಲೇಸೆಂದು ಬಹುತೇಕ ಅಧ್ಯಾಪಕರು ಸಲಹೆಯಿತ್ತರು. ಕೈಯಲ್ಲಿ ಒಂದು ಡಾಲರೂ ಇರಲಿಲ್ಲ. ವಾಷಿಂಗ್ಟನ್ ಮಾಂಟ್‌ಗೊಮರಿ ನಗರಕ್ಕೆ ಹೋಗಿ ತಮ್ಮ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು, ಎದೆಗುಂದಿದ್ದ ತಂಡವನ್ನು ಮತ್ತೆ ಕೂಡಿಸಿದರು. ನಾಲ್ಕನೆಯ ಗೂಡು ಫಲ ನೀಡಿತು. ಆ ಗಡಿಯಾರವನ್ನು ಬಿಡಿಸಿಕೊಳ್ಳಲು ಮಾತ್ರ ಅವರಿಗೆ ಸಾಧ್ಯವಾಗಲಿಲ್ಲ.

ಮುಂದೆ ಶಾಲೆಯ ವಿದ್ಯಾರ್ಥಿವೃಂದ ಒಂದು ಹಂಗಾಮಿನಲ್ಲಿ 12 ಲಕ್ಷ ಉತ್ತಮ ಇಟ್ಟಿಗೆಗಳನ್ನು ತಯಾರಿಸುವಷ್ಟು ನಿಪುಣವಾಯಿತು. ಶಾಲೆಯನ್ನು ಶಂಕೆಯಿಂದ ನೋಡುತ್ತಿದ್ದ ಬಿಳಿಯರೂ ಇಟ್ಟಿಗೆ ಕೊಳ್ಳಲು ಅದರ ಬಾಗಿಲಿಗೆ ಬಂದರು. ವ್ಯಾಪಾರದೊಡನೆ ಪರಿಚಯವೂ ಬೆಳೆಯಿತು. ಮೊದಲ 19 ವರ್ಷಗಳಲ್ಲಿ ಎದ್ದ 40 ಕಟ್ಟಡಗಳ ಪೈಕಿ ನಾಲ್ಕನ್ನು ಬಿಟ್ಟು ಉಳಿದವೆಲ್ಲ ಬಹುಮಟ್ಟಿಗೆ ವಿದ್ಯಾರ್ಥಿಗಳ ಶ್ರಮದ ಫಲ.

ಕಸುಬಿನ ಶಿಕ್ಷಣಕ್ಕೆ ಅವರಿತ್ತ ಪ್ರಾಧಾನ್ಯವನ್ನೂ ರಾಜಕೀಯ ಹಕ್ಕುಗಳ ವಿಷಯದಲ್ಲಿ ಅವರು ತೋರಿದ ರಾಜಿ ಮನೋಭಾವವನ್ನೂ ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲಿ ಕಟುವಾಗಿ ವಿಮರ್ಶಿಸಿದರು. ಆ ವಿಮರ್ಶೆಯನ್ನು ಇತಿಹಾಸ ತಳ್ಳಿಹಾಕಿಲ್ಲ. ಆದರೆ ಸೋತ ಕೆಲಸವನ್ನು ಬಿಡದೆ, ಸೋತ ರೀತಿಯನ್ನು ಮಾತ್ರ ಬಿಡಬೇಕೆಂಬ ಪಾಠವನ್ನು ಆ ಕೆಸರಿನಲ್ಲಿ ಕಲಿತ ವಿದ್ಯಾರ್ಥಿಗಳು ಅದನ್ನು ಬಾಳಿನುದ್ದಕ್ಕೂ ಮರೆತಿರಲಾರರು.

1915ರ ನವೆಂಬರ್ 14ರಂದು ವಾಷಿಂಗ್ಟನ್ ಕೀರ್ತಿಶೇಷರಾದರು. ಅವರ ಶಾಲೆ ಇಂದು ವಿಶ್ವವಿದ್ಯಾಲಯವಾಗಿದೆ. ವಿದ್ಯಾರ್ಥಿಗಳು ತಾವೇ ಸುಟ್ಟ ಇಟ್ಟಿಗೆಗಳಿಂದ 1899ರಲ್ಲಿ ಗುರುವಿಗೆ ಕಟ್ಟಿಕೊಟ್ಟ ಮನೆ ಅಲ್ಲಿ ಈಗಲೂ ನಿಂತಿದೆ.