ಅಂಬೇಡ್ಕರರೂ ಬಾಡಿಗೆಯ ಮನೆಯೂ

ಬರೋಡೆಯ ಮಹಾರಾಜರೇ ವಿದ್ಯಾರ್ಥಿವೇತನವಿತ್ತು ಓದಿಸಿದ್ದ ಅಂಬೇಡ್ಕರರು 1917ರಲ್ಲಿ ಆ ಸಂಸ್ಥಾನದ ನೌಕರಿಗೆ ಹೋದರು. ಊರಿನಲ್ಲಿ ತಂಗಲು ಎಡೆಯಿಲ್ಲ! ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಿಂದಲೇ ಇಳಿಯಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು, ಸಂಜೆಯೊಳಗೆ ತೆರವು ಮಾಡಬೇಕೆಂದು ಗದರಿಸಿದರು. ಹಿಂದೂ ಮಿತ್ರರೊಬ್ಬರೂ ಕ್ರೈಸ್ತ ಮಿತ್ರರೊಬ್ಬರೂ ಆಶ್ರಯವೀಯಲಿಲ್ಲ. ಉದ್ಯಾನದಲ್ಲಿ ಹೊತ್ತು ಕಳೆದು, ರೈಲಿನಲ್ಲಿ ಮುಂಬಯಿಗೆ ಮರಳಿದರು.

ಇವರೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯದು ಅಂಗಡಿ, ಹೋಟೆಲುಗಳ ಬಾಗಿಲು ತೆರೆಯಿತು. ಬಾಡಿಗೆಮನೆಯ ಹೆಸರು ಅಲ್ಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಯಾವ ಬಡಾವಣೆಯಲ್ಲಾದರೂ ವಾಸಿಸುವ ಹಕ್ಕನ್ನು ರಕ್ಷಿಸಿತು. ಮರುವರ್ಷ ಅವರು ತೀರಿಕೊಂಡರು.

ಮನೆ ಆಗಲೇ ಬೇರೆಯವರಿಗೆ ಹೋಯಿತೆಂಬ ಸಬೂಬಿನ ಮುಂದೆ ಈ ಕಾಯಿದೆ ಇಂದಿಗೂ ಸೋಲುತ್ತಿದೆ. ನಿರಾಕರಿಸುವ ಮನೆಯೊಡೆಯನು ಕಾರಣವನ್ನು ಬರೆದುಕೊಡಲೇಬೇಕೆಂಬ ತಿದ್ದುಪಡಿಯನ್ನು ನಾವು ಕೇಳುತ್ತೇವೆ.